ಮೀಟರ್ ನೋಡುವ ಮೊದಲು ಬಾತ್ ನೋಡು

ಮಗಳೇ, ನೀನು ಕತಾರಿನ ದೋಹಾಕ್ಕೆ ಹೊರಟಾಗ ಮನೆಯವರೆಲ್ಲ ಅಂದುಕೊಂಡದ್ದು ಒಂದೇ. ಗ್ಯಾಸಿನ ನಾಡಿಗೆ ಹೋದವಳು ಗ್ಯಾಸಿಗೋ ತುಕ್ಕಿಗೋ ಸಂಬಂಧಪಟ್ಟ ಸಂಶೋಧನೆ ಹಿಡಿಯುತ್ತಾಳೆ ಅಂತ. ನೀನು ನೋಡಿದರೆ ನಿಕಲ್-ಕಬ್ಬಿಣ, ಕೋಬಾಲ್ಟ್-ಕಬ್ಬಿಣದ ಕಾಂತೀಯ ಪದರಗಳು, ಡೇಟಾ ಸಂಗ್ರಹ ಅಂತ ವಿಷಯ ಆರಿಸಿಕೊಂಡಿದ್ದೀಯ. ನಿಮ್ಮಪ್ಪನಿಗೆ ಇದು ಕಂಪ್ಯೂಟರ್ ವಿಷಯ ಅನ್ನಿಸಿ ಬಹಳ ಸಂತೋಷ. ನಾನು ಅವನಿಗೆ ಹೇಳಿದೆ: ಕಂಪ್ಯೂಟರೂ ಅಲ್ಲ, ಏನೂ ಅಲ್ಲ, ಇದು ಪ್ಲೇಟಿಂಗು, ವಿದ್ಯುತ್ತಿನಿಂದ ಲೋಹ ಲೇಪಿಸುವುದು, ಬೆಂಗಳೂರಿನ ಪೀಣ್ಯದಲ್ಲಿ ನಾನು ಜೀವಮಾನವಿಡೀ ಮಾಡಿದ ಕೆಲಸವೇ. ಅವನ ಮುಖ ಸಪ್ಪಗಾಯಿತು. ನೀನು ಹಾಗೆ ಆಗಬೇಡ. ನಿನ್ನ ಥೀಸಿಸ್ಸಿನ ಹೆಸರು ಎಷ್ಟೇ ಉದ್ದವಿರಲಿ, ದಿನಾ ಬೆಳಗ್ಗೆ ನೀನು ಎದುರಿಸುವುದು ಒಂದು ಪಾತ್ರೆ ಹಸಿರು ನೀರನ್ನು, ನಾವು ಬಾತ್ ಅನ್ನುವ ಲೋಹದ ಲವಣದ ದ್ರಾವಣವನ್ನು. ಆ ನೀರು ಒಲಿಯದಿದ್ದರೆ ಯಾವ ಯಂತ್ರವೂ ನಿನ್ನನ್ನು ಉಳಿಸುವುದಿಲ್ಲ. ನಾನು ಹೇಳಬೇಕೆಂದಿರುವುದೆಲ್ಲ ಇದರ ಸುತ್ತಲೇ ಇದೆ.

ಡೇಟಾ ಸಂಗ್ರಹದ ಚರಿತ್ರೆ ಬರೆಯುವವರು ಪ್ಲೇಟಿಂಗ್ ತೊಟ್ಟಿಗೆ ಕೊಡಬೇಕಾದ ಜಾಗ ಕೊಟ್ಟಿಲ್ಲ ಅಂತ ನನಗೆ ಮೊದಲಿನಿಂದ ಬೇಸರ. 1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು; ಅಷ್ಟೂ ಸೇರಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಇವತ್ತು ಫೋನಿನಲ್ಲಿ ಹೊಡೆದ ಒಂದು ಒಳ್ಳೆಯ ಫೋಟೋಗೇ ಆ ಜಾಗ ಸಾಲದು. ತಟ್ಟೆಯ ಮೇಲೆ ಬರೆದು ಓದುವ ಹೆಡ್ ದಪ್ಪವಿರುವಷ್ಟು ಕಾಲ ಬರಹವೂ ದಪ್ಪವೇ. ಕಾಂತದ ತುಂಡಿಗೆ ತಂತಿ ಸುತ್ತಿ ಹೆಡ್ ಮಾಡುವುದಕ್ಕೆ ಒಂದು ಮಿತಿಯಿದೆ. ಆ ಮಿತಿ ದಾಟಿಸಿದವರಲ್ಲಿ ಮುಖ್ಯರು ಲ್ಯುಬೊಮಿರ್ ರೊಮಾಂಕಿವ್. ಉಕ್ರೇನಿನಲ್ಲಿ ಹುಟ್ಟಿ, ಕೆನಡಾದಲ್ಲಿ ಓದಿ, ಐಬಿಎಂ ಸೇರಿದವರು. ಸಹೋದ್ಯೋಗಿ ಡೇವಿಡ್ ಥಾಂಪ್ಸನ್ ಮತ್ತಿತರರ ಜೊತೆ ಸೇರಿ ಅವರು ಮಾಡಿದ್ದಿಷ್ಟು: ಬೆಳಕಿಗೆ ಕರಗುವ ರೆಸಿಸ್ಟ್ ಪದರದಲ್ಲಿ ಸಣ್ಣ ಅಚ್ಚು ತೆಗೆದು, ಆ ಅಚ್ಚಿನೊಳಗೆ ತಾಮ್ರದ ಸುರುಳಿಯನ್ನೂ ನಿಕಲ್-ಕಬ್ಬಿಣದ ಧ್ರುವಗಳನ್ನೂ ಲೇಪನದಿಂದಲೇ ಬೆಳೆಸಿದರು. 1979ರ ಐಬಿಎಂ 3370 ಡಿಸ್ಕಿನಲ್ಲಿ ಆ ಹೆಡ್ ಮಾರುಕಟ್ಟೆಗೆ ಬಂತು. ಅಲ್ಲಿಂದ ಮುಂದೆ ಹಾರ್ಡ್ ಡಿಸ್ಕ್ ಚಿಕ್ಕದಾಗುತ್ತ, ಅಗ್ಗವಾಗುತ್ತ ಹೋದದ್ದರ ಹಿಂದೆ ಈ ತೊಟ್ಟಿಯ ಪಾಲು ದೊಡ್ಡದು. 1997ರಲ್ಲಿ ಐಬಿಎಂ ಚಿಪ್ಪಿನೊಳಗಿನ ಅಲ್ಯೂಮಿನಿಯಂ ತಂತಿಯ ಬದಲು ತಾಮ್ರ ಹಾಕುತ್ತೇವೆ ಅಂತ ಘೋಷಿಸಿದಾಗಲೂ ಆ ತಾಮ್ರ ತುಂಬಿದ್ದು ಲೇಪನದಿಂದಲೇ.

ನಮ್ಮೂರಿನಲ್ಲೂ ಈ ವಿದ್ಯೆಗೆ ಬೇರಿದೆ. 1950ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ಎಲ್. ರಾಮಾಚಾರ್ ಮತ್ತು ಅವರ ವಿದ್ಯಾರ್ಥಿಗಳು ಪೈರೋಫಾಸ್ಫೇಟ್ ಬಾತಿನಿಂದ ಮಿಶ್ರಲೋಹ ಲೇಪಿಸುವ ಬಗ್ಗೆ ಸಾಲು ಸಾಲಾಗಿ ಪ್ರಬಂಧ ಬರೆದರು. ಸುರತ್ಕಲ್‌ನ ಎನ್‌ಐಟಿಕೆ ರಸಾಯನಶಾಸ್ತ್ರ ವಿಭಾಗದಲ್ಲಿ ಮಿಶ್ರಲೋಹದ ಲೇಪನಗಳ ಮೇಲೆ ಬಹಳ ಕಾಲದಿಂದ ಕೆಲಸ ನಡೆದಿದೆ. ಕತಾರಿನಲ್ಲಿ ಕರಾವಳಿಯವರು ತುಂಬ ಇದ್ದಾರೆ. ಅವರ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಊಟ ಮುಗಿಸಿ ಓಡಿಬರಬೇಡ, ಸುರತ್ಕಲ್ಲಿನಲ್ಲಿ ಓದಿದವರು ಯಾರಿದ್ದಾರೆ ಅಂತ ವಿಚಾರಿಸು.

ಈಗ ತೊಟ್ಟಿಯ ವಿಷಯಕ್ಕೆ ಬರೋಣ. ಪುಸ್ತಕ ಮೊದಲು ಫ್ಯಾರಡೆ ನಿಯಮ ಹೇಳುತ್ತದೆ, ಹರಿದ ಕರೆಂಟಿಗೆ ತಕ್ಕಷ್ಟು ಲೋಹ ಕೂರುತ್ತದೆ ಅಂತ. ಅದು ಸುಳ್ಳಲ್ಲ. ಒಂದು ಚದರ ಸೆಂಟಿಮೀಟರಿಗೆ 10 ಮಿಲಿಆಂಪಿಯರ್ ಕೊಟ್ಟರೆ ನಿಕಲ್ ನಿಮಿಷಕ್ಕೆ ಸುಮಾರು 0.2 ಮೈಕ್ರಾನ್ ಬೆಳೆಯುತ್ತದೆ, ಕರೆಂಟೆಲ್ಲ ಲೋಹಕ್ಕೇ ಹೋದರೆ. ಆ ‘ಹೋದರೆ’ಯಲ್ಲೇ ಇರುವುದು ಕಥೆ. ಒಂದು ಪಾಲನ್ನು ಹೈಡ್ರೋಜನ್ ತಿನ್ನುತ್ತದೆ. ಅದರ ಗುಳ್ಳೆ ಮೈಗೆ ಅಂಟಿ ನಿಂತರೆ ಅಲ್ಲೊಂದು ಕುಳಿ. ಹೈಡ್ರೋಜನ್ ಹೊರಟಷ್ಟೂ ಕ್ಯಾಥೋಡಿನ ಮೈಗೆ ಹತ್ತಿದ ನೀರಿನ ಪಿಎಚ್ ಏರುತ್ತದೆ. ನಿನ್ನ ಪಿಎಚ್ ಮೀಟರ್ ಪಾತ್ರೆಯ ನಡುವೆ 3 ಅಂತ ತೋರಿಸುತ್ತಿರುತ್ತದೆ. ಲೋಹ ಕೂರುವ ಜಾಗದಲ್ಲಿ ಅದು 3 ಅಲ್ಲ. ಬೋರಿಕ್ ಆಸಿಡ್ ಹಾಕುವುದು ಈ ಏರಿಕೆಯನ್ನು ಹಿಡಿದು ನಿಲ್ಲಿಸಲು. 1916ರಲ್ಲಿ ಆಲಿವರ್ ವಾಟ್ಸ್ ಕೊಟ್ಟ ನಿಕಲ್ ಬಾತಿನಿಂದ ಹಿಡಿದು ನಿನ್ನ ಕಾಂತೀಯ ಬಾತಿನವರೆಗೆ ಬೋರಿಕ್ ಆಸಿಡ್ ಬಿಟ್ಟವರು ಕಡಿಮೆ.

ಇಲ್ಲಿ ನಿನ್ನ ಕತಾರಿನ ಮಾತು ಬರುತ್ತದೆ. ಅಲ್ಲಿನವರು ಹೊರಗಿನ ಸೆಕೆಗೆ ಸೇಡು ತೀರಿಸಿಕೊಳ್ಳುವವರಂತೆ ಒಳಗೆ ಎಸಿ ಹಾಕುತ್ತಾರೆ. ಬೋರಿಕ್ ಆಸಿಡ್ ತಣ್ಣೀರಿನಲ್ಲಿ ಹೆಚ್ಚು ಕರಗುವುದಿಲ್ಲ. 20 ಡಿಗ್ರಿಯಲ್ಲಿ ಒಂದು ಲೀಟರ್ ಬರೀ ನೀರಿಗೆ 50 ಗ್ರಾಂ ಒಳಗೇ, ಬೇರೆ ಲವಣ ಸೇರಿದ್ದರೆ ಇನ್ನೂ ಕಡಿಮೆ. ಗುರುವಾರ ಸಂಜೆ ಬೆಚ್ಚಗೆ ಬಿಟ್ಟುಹೋದ ಬಾತ್ ಭಾನುವಾರ ಬೆಳಗ್ಗೆ ತಳದಲ್ಲಿ ಬಿಳಿ ಹರಳು ಕೂರಿಸಿಕೊಂಡು ನಿನಗಾಗಿ ಕಾಯುತ್ತಿರುತ್ತದೆ. ಮೇಲಿನ ನೀರನ್ನಷ್ಟೇ ಬೀಕರಿಗೆ ಬಗ್ಗಿಸಿ ಕೆಲಸ ಶುರು ಮಾಡಿದೆಯೋ, ಆ ವಾರದ ಎಲ್ಲ ಸ್ಯಾಂಪಲ್ಲೂ ಬೇರೆ ಬಾತಿನ ಸ್ಯಾಂಪಲ್ ಆಗುತ್ತದೆ. ಬೆಚ್ಚಗೆ ಮಾಡು, ಕಲಕು, ಪೂರ್ತಿ ಕರಗಿದ ಮೇಲೆ ಪಿಎಚ್ ನೋಡು. ಆಮೇಲೆ ಪವರ್ ಸಪ್ಲೈ.

ಇನ್ನು ಕಬ್ಬಿಣ. ಕಬ್ಬಿಣದ ಲವಣವನ್ನು ಗಾಳಿ ಮುಟ್ಟಿದರೆ ಅದು ಮೂರು ವಿದ್ಯುದಂಶದ ಕಬ್ಬಿಣವಾಗಿ ಕಂದು ಕಿಟ್ಟ ಕಟ್ಟುತ್ತದೆ. ಹಸಿರು ಬಾತ್ ಕಂದಿದ ಚಹಾದ ಬಣ್ಣಕ್ಕೆ ತಿರುಗಿದ್ದು ಕಣ್ಣಿಗೆ ಕಾಣುವುದಕ್ಕೆ ಮುಂಚೆಯೇ ಪದರದ ಕಾಂತಗುಣ ಕೆಟ್ಟಿರುತ್ತದೆ. ಪಿಎಚ್ ಕೆಳಗಿಡು, ಸೋಸು, ಸಾಧ್ಯವಾದರೆ ನೈಟ್ರೋಜನ್ ಬಿಡು, ಹಳೆಯ ಬಾತಿಗೆ ಮರುಗಬೇಡ.

ನಿಕಲ್ಲೂ ಕಬ್ಬಿಣವೂ ಒಂದೇ ತೊಟ್ಟಿಯಲ್ಲಿ ಸೇರಿದಾಗ ಆಗುವ ವಿಚಿತ್ರವನ್ನು ನೀನು ಚೆನ್ನಾಗಿ ಅರ್ಥ ಮಾಡಿಕೊಳ್ಳಲೇಬೇಕು, ಏಕೆಂದರೆ ನಿನ್ನ ವೈವಾದಲ್ಲಿ ಅದನ್ನೇ ಕೇಳುತ್ತಾರೆ. ಲೋಹಗಳ ವಿದ್ಯುತ್ ಶ್ರೇಣಿಯ ಪ್ರಕಾರ ನಿಕಲ್ ಸುಲಭವಾಗಿ ಕೂರಬೇಕು, ಕಬ್ಬಿಣ ಹಿಂದೆ ಉಳಿಯಬೇಕು. ನಡೆಯುವುದು ತಿರುವುಮುರುವು. ಮದುವೆ ಊಟದ ಪಂಕ್ತಿಗೆ ಕೊನೆಗೆ ಬಂದವನು ಎಲ್ಲರಿಗಿಂತ ಮೊದಲು ಎಲೆ ಮುಂದೆ ಕೂತ ಹಾಗೆ ಕಬ್ಬಿಣ ನುಗ್ಗಿ ಕೂರುತ್ತದೆ. ಅದಕ್ಕೇ ಪದರದಲ್ಲಿ ನಿಕಲ್ 80, ಕಬ್ಬಿಣ 20 ಬೇಕೆಂದರೂ ಬಾತಿನಲ್ಲಿ ಕಬ್ಬಿಣ ತೀರಾ ಕಡಿಮೆ ಇಡುತ್ತಾರೆ, ಹತ್ತಾರು ಪಾಲು ನಿಕಲ್ಲಿಗೆ ಒಂದು ಪಾಲಿನಷ್ಟು. ಅಮೆರಿಕದ ಅಬ್ನರ್ ಬ್ರೆನ್ನರ್ 1963ರಲ್ಲಿ ಮಿಶ್ರಲೋಹ ಲೇಪನದ ಮೇಲೆ ಎರಡು ಸಂಪುಟ ಬರೆದು ಈ ನಡತೆಯನ್ನು ‘ಅಸಹಜ’ದ ಗುಂಪಿಗೆ ಸೇರಿಸಿದರು. 1965ರಲ್ಲಿ ಡಾಮ್ಸ್ ಮತ್ತು ಕ್ರೋಲ್ ಕಾರಣ ಸೂಚಿಸಿದರು: ಕ್ಯಾಥೋಡಿನ ಮೈಯಲ್ಲಿ ಪಿಎಚ್ ಏರಿ ಕಬ್ಬಿಣದ ಹೈಡ್ರಾಕ್ಸೈಡ್ ಕೂರುತ್ತದೆ, ಅದು ನಿಕಲ್ಲಿಗೆ ದಾರಿ ಕಟ್ಟುತ್ತದೆ ಎಂದು. ಅದನ್ನು ತಿದ್ದಿ ಬೇರೆಯವರು ಬೇರೆ ವಿವರಣೆ ಕೊಟ್ಟಿದ್ದಾರೆ. ವಾದ ಮುಗಿದಿಲ್ಲ. ಮುಗಿಯದ ವಾದವಿರುವ ಕಡೆ ಹೊಸಬರಿಗೆ ಜಾಗ ಇರುತ್ತದೆ, ನೆನಪಿಡು.

ಕೆಲಸದ ಬೆಂಚಿನಲ್ಲಿ ಇದರಿಂದ ಏನಾಗುತ್ತದೆ ಗೊತ್ತೇ? ಕಬ್ಬಿಣ ಕಡಿಮೆ ಇರುವುದರಿಂದ ಅದು ಮೈಗೆ ಎಷ್ಟು ಬೇಗ ಬಂದು ಸೇರುತ್ತದೋ ಅಷ್ಟೇ ಕೂರುತ್ತದೆ. ಅಂದರೆ ನೀನು ಹೆಚ್ಚು ಕಲಕಿದರೆ ಕಬ್ಬಿಣ ಹೆಚ್ಚು, ಕಡಿಮೆ ಕಲಕಿದರೆ ಕಡಿಮೆ. ಮ್ಯಾಗ್ನೆಟಿಕ್ ಸ್ಟಿರರ್ ಬೀಕರಿನ ನಡುವೆ ಒಂದು ರೀತಿ, ಅಂಚಿನಲ್ಲಿ ಇನ್ನೊಂದು ರೀತಿ ಕಲಕುತ್ತದೆ. ಒಂದೇ ಸ್ಯಾಂಪಲ್ಲಿನ ಎರಡು ಮೂಲೆಯಲ್ಲಿ ಎರಡು ಲೋಹ. 80-20ರ ಹತ್ತಿರ ಪರ್ಮಲಾಯ್ ಎಂಬ ಈ ನಿಕಲ್-ಕಬ್ಬಿಣಕ್ಕೆ ಇರುವ ದೊಡ್ಡ ಗುಣವೇ ಒತ್ತಡ ಬಿದ್ದರೂ ಕಾಂತತೆ ಅಲುಗದಿರುವುದು. ಎರಡು ಮೂರು ಪಾಲು ಆಚೀಚೆಯಾದರೆ ಆ ಗುಣ ಹೋಯಿತು. ಐಬಿಎಂನವರು ಮೈಗೆ ಸಮೀಪ ಹಿಂದಕ್ಕೂ ಮುಂದಕ್ಕೂ ಆಡುವ ಪ್ಯಾಡಲ್ ಮಾಡಿಕೊಂಡದ್ದು, ಲೇಪಿಸುವಾಗಲೇ ಪಕ್ಕದಲ್ಲಿ ಕಾಂತಕ್ಷೇತ್ರ ಇಟ್ಟು ಪದರಕ್ಕೆ ದಿಕ್ಕು ಕೊಟ್ಟದ್ದು ಸುಮ್ಮನೆ ಅಲ್ಲ. ನಿನ್ನ ಲ್ಯಾಬಿನಲ್ಲಿ ಪ್ಯಾಡಲ್ ಇಲ್ಲದಿದ್ದರೆ ಕಲಕುವ ವೇಗ, ಕಡ್ಡಿಯ ಉದ್ದ, ಸ್ಯಾಂಪಲ್ ಎಲ್ಲಿ ನಿಲ್ಲಿಸಿದೆ, ಇಷ್ಟನ್ನಾದರೂ ಪ್ರತಿ ಸಲ ಬರೆದಿಡು. ಪ್ರಕಟವಾದ ಪ್ರಬಂಧಗಳಲ್ಲಿ ‘ಮೃದುವಾಗಿ ಕಲಕಲಾಯಿತು’ ಅಂತ ಬರೆದಿರುತ್ತಾರೆ. ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸ್ಯಾಕರಿನ್ ಬಗ್ಗೆ ಒಂದು ಮಾತು. ನನ್ನಂಥ ಸಕ್ಕರೆ ಕಾಯಿಲೆಯವರ ಡಬ್ಬಿಯಲ್ಲಿರುವುದೇ. ಲೀಟರಿಗೆ ಒಂದೆರಡು ಗ್ರಾಂ ಹಾಕಿದರೆ ನಿಕಲ್ ಪದರದ ಬಿಗಿತ ಇಳಿಯುತ್ತದೆ, ಸಿಪ್ಪೆ ಎದ್ದು ಬರುವುದು ನಿಲ್ಲುತ್ತದೆ, ಕಣಗಳು ಸಣ್ಣದಾಗುತ್ತವೆ. ಪೀಣ್ಯದಲ್ಲಿ ಲೇಪನಕ್ಕೆ ಹೊಳಪು ಕೊಡುವ ಬ್ರೈಟ್ನರ್ ಮಾರುವವರು ಬಾಟಲಿಯಲ್ಲಿ ಏನಿದೆ ಅಂತ ಹೇಳುತ್ತಿರಲಿಲ್ಲ, ಆದರೆ ಸ್ಯಾಕರಿನ್ ಇರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಕಾಂತೀಯ ಪದರಕ್ಕೂ ಅದನ್ನೇ ಹಾಕುತ್ತಾರೆ. ಆದರೆ ಅದರ ಗಂಧಕ ಪದರದೊಳಗೆ ಸೇರಿಕೊಂಡು ತುಕ್ಕಿಗೆ ದಾರಿ ಮಾಡುತ್ತದೆ. ಜಪಾನಿನ ವಾಸೆಡಾ ವಿಶ್ವವಿದ್ಯಾಲಯದ ತೆತ್ಸುಯಾ ಒಸಾಕಾ ಮತ್ತು ಸಂಗಡಿಗರು 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೋಬಾಲ್ಟ್-ನಿಕಲ್-ಕಬ್ಬಿಣದ ಪದರ ವರದಿ ಮಾಡಿದರು. ಸ್ಯಾಕರಿನ್ ಇಲ್ಲದ ಬಾತ್ ಅದು. ಪರ್ಮಲಾಯ್ ಹೊರಬಲ್ಲ ಕಾಂತತೆ ಸುಮಾರು 1 ಟೆಸ್ಲಾ. ಈ ಪದರ 2 ಟೆಸ್ಲಾ ದಾಟಿತು, ಆದರೂ ಮೃದು ಕಾಂತವಾಗಿಯೇ ಉಳಿಯಿತು. ಎಲ್ಲರೂ ಹಾಕುವ ಒಂದು ವಸ್ತುವನ್ನು ತೆಗೆದುಹಾಕಿ ನೋಡುವ ಧೈರ್ಯ ಅಲ್ಲಿ ಫಲ ಕೊಟ್ಟಿತು. ಆಮೇಲೆ ಕೋಬಾಲ್ಟ್-ಕಬ್ಬಿಣದ ಪದರಗಳು 2.4 ಟೆಸ್ಲಾದವರೆಗೂ ಹೋದವು. 2005ರಿಂದ ಬಂದ ಲಂಬ ಬರವಣಿಗೆಯ ಡಿಸ್ಕುಗಳಿಗೆ ಅಂಥ ಲೋಹವೇ ಬೇಕಾಯಿತು.

ಅಳತೆಯ ವಿಷಯದಲ್ಲಿ ಒಂದು ಸಣ್ಣ ಎಚ್ಚರಿಕೆ. ಕಾಂತೀಯ ಸ್ಯಾಂಪಲ್ಲನ್ನು ಸ್ಟೀಲ್ ಚಿಮಟದಲ್ಲಿ ಹಿಡಿಯಬೇಡ. ಅದರಿಂದ ಉದುರಿದ ಕಣ್ಣಿಗೆ ಕಾಣದ ಪುಡಿಯೂ ಮ್ಯಾಗ್ನೆಟೋಮೀಟರಿನಲ್ಲಿ ಗುರುತಾಗುತ್ತದೆ, ನಿನ್ನ ಪದರ ತೆಳ್ಳಗಿದ್ದಷ್ಟೂ ಆ ಸುಳ್ಳು ದೊಡ್ಡದು. ಪ್ಲಾಸ್ಟಿಕ್ ಚಿಮಟ ಸಾಕು.

ಇಷ್ಟು ಹೇಳಿದ ಮೇಲೆ ಸ್ವಲ್ಪ ಕಹಿಯಾದದ್ದನ್ನೂ ಹೇಳಬೇಕು. 2022ರಲ್ಲಿ ಮೈಕ್ರೋಸಾಫ್ಟ್, 2023ರಲ್ಲಿ ಗೂಗಲ್ ಕತಾರಿನಲ್ಲಿ ಕ್ಲೌಡ್ ಕೇಂದ್ರ ತೆರೆದವು. ಅದನ್ನು ತೋರಿಸಿ ‘ಡೇಟಾ ಇಲ್ಲೇ ಇದೆ, ಕೆಲಸವೂ ಇಲ್ಲೇ ಸಿಗುತ್ತದೆ’ ಅಂತ ಯಾರಾದರೂ ಹೇಳಿದರೆ ನಂಬಬೇಡ. ಡೇಟಾ ಕೇಂದ್ರ ಡಿಸ್ಕು ಕೊಳ್ಳುತ್ತದೆ, ತಯಾರಿಸುವುದಿಲ್ಲ. ಜಗತ್ತಿನಲ್ಲಿ ಹಾರ್ಡ್ ಡಿಸ್ಕ್ ಮಾಡುವವರು ಈಗ ಉಳಿದಿರುವುದು ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಶಿಬಾ. ಹೆಡ್ ಲೇಪಿಸುವ ಕಾರ್ಖಾನೆಗಳು ಇನ್ನೂ ಬೆರಳೆಣಿಕೆ. ಸೀಗೇಟಿನ ಹೆಡ್ಡುಗಳ ವೇಫರ್ ತಯಾರಾಗುವುದು ಅಮೆರಿಕದ ಮಿನೆಸೋಟದಲ್ಲಿ, ಉತ್ತರ ಐರ್ಲೆಂಡಿನ ಡೆರಿಯಲ್ಲಿ. ಕತಾರಿನಲ್ಲಿ ಆ ಉದ್ಯೋಗ ಹುಡುಕಿದರೆ ಮರುಭೂಮಿಯೇ.

ಹಾಗಂತ ವಿಷಯ ಬದಲಾಯಿಸು ಅನ್ನುತ್ತಿಲ್ಲ. ಈ ಕಸುಬು ಡಿಸ್ಕಿನ ಆಚೆಗೂ ನಡೆಯುತ್ತದೆ. ಹಾರ್ಡ್ ಡಿಸ್ಕಿನ ತಟ್ಟೆಯನ್ನೇ ತೆಗೆದುಕೋ. ಅಲ್ಯೂಮಿನಿಯಂ ತಟ್ಟೆಯ ಮೇಲೆ, ಕಾಂತೀಯ ಪದರಕ್ಕೆ ಕೆಳಗೆ, ಸುಮಾರು 10 ಮೈಕ್ರಾನ್ ನಿಕಲ್-ಫಾಸ್ಫರಸ್ ಇರುತ್ತದೆ. ತಟ್ಟೆ ಗಟ್ಟಿಯಾಗಲು, ಕನ್ನಡಿಯಂತೆ ಪಾಲಿಶ್ ಆಗಲು ಅದು ಬೇಕು. ನಿಕಲ್ ಸ್ವತಃ ಕಾಂತಕ್ಕೆ ಅಂಟುವ ಲೋಹ. ಆದರೆ ತೂಕದಲ್ಲಿ ನೂರಕ್ಕೆ ಹತ್ತು-ಹನ್ನೆರಡು ಪಾಲು ಫಾಸ್ಫರಸ್ ಸೇರಿದರೆ ಅದರ ಕಾಂತತೆ ಅಡಗುತ್ತದೆ. ಇಲ್ಲದಿದ್ದರೆ ಬರಹದ ಕೆಳಗೇ ಗದ್ದಲ ಇರುತ್ತಿತ್ತು. ಕರೆಂಟಿಲ್ಲದೆ ಈ ಪದರ ಕೂರಿಸುವ ಬಾತನ್ನು 1940ರ ದಶಕದಲ್ಲಿ ಕಂಡುಕೊಂಡವರು ಅದೇ ಅಬ್ನರ್ ಬ್ರೆನ್ನರ್ ಮತ್ತು ಗ್ರೇಸ್ ರಿಡೆಲ್. ಈಗ ಕತಾರಿನ ಗ್ಯಾಸ್ ಉದ್ಯಮದ ಊರಾದ ರಾಸ್ ಲಫಾನ್ ಕಡೆ ತಿರುಗು. ಗ್ಯಾಸಿನ ಜೊತೆ ಬರುವ ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಡೈಆಕ್ಸೈಡ್, ಉಪ್ಪುನೀರು ಮೂರೂ ಸೇರಿ ಸ್ಟೀಲನ್ನು ತಿನ್ನುತ್ತವೆ. ತೈಲ ಮತ್ತು ಗ್ಯಾಸಿನ ಉದ್ಯಮದಲ್ಲಿ ವಾಲ್ವು, ಪಂಪಿನ ಭಾಗಗಳಿಗೆ ಇದೇ ನಿಕಲ್-ಫಾಸ್ಫರಸ್ ಹಾಕುತ್ತಾರೆ. ಕತಾರ್ ವಿಶ್ವವಿದ್ಯಾಲಯದ ಸೆಂಟರ್ ಫಾರ್ ಅಡ್ವಾನ್ಸ್ಡ್ ಮೆಟೀರಿಯಲ್ಸ್‌ನಲ್ಲಿ ನಿಕಲ್-ಫಾಸ್ಫರಸ್, ನಿಕಲ್-ಬೋರಾನ್ ಪದರಗಳಿಗೆ ಸೂಕ್ಷ್ಮ ಸೆರಾಮಿಕ್ ಕಣ ಬೆರೆಸಿ ತುಕ್ಕು ತಡೆಯುವ ಪ್ರಯೋಗಗಳು ವರ್ಷಗಳಿಂದ ನಡೆದಿವೆ. ಅವರ ಪ್ರಬಂಧಗಳನ್ನು ‘ನನ್ನ ವಿಷಯವಲ್ಲ’ ಅಂತ ಪಕ್ಕಕ್ಕಿಡಬೇಡ. ಬಾತ್ ಬೇರೆಯಾದರೂ ಪ್ರಶ್ನೆಗಳು ಒಂದೇ: ಪಿಎಚ್, ಕಲಕು, ಒತ್ತಡ, ಅಂಟು. ಕಾಂತೀಯ ಪದರದಲ್ಲಿ ಕೈ ಪಳಗಿದವಳಿಗೆ ವಾಲ್ವಿನ ಪದರ ಸುಲಭ; ಅಲ್ಲಿ ನ್ಯಾನೋಮೀಟರಿನ ಲೆಕ್ಕ ಇಲ್ಲ.

ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ದೋಹಾದ ಎಜುಕೇಶನ್ ಸಿಟಿಯಲ್ಲಿ 2003ರಲ್ಲಿ ಶುರುವಾದ ಟೆಕ್ಸಸ್ ಎ ಅಂಡ್ ಎಂ ಕ್ಯಾಂಪಸ್ಸನ್ನು 2028ರ ಹೊತ್ತಿಗೆ ಮುಚ್ಚುವುದೆಂದು ಅದರ ಅಮೆರಿಕದ ಆಡಳಿತ ಮಂಡಳಿ 2024ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಇಪ್ಪತ್ತು ವರ್ಷ ಇಂಜಿನಿಯರುಗಳನ್ನು ತಯಾರಿಸಿದ ಜಾಗಕ್ಕೇ ಹೀಗೆ. ಲ್ಯಾಬು, ಗ್ರಾಂಟು, ವೀಸಾ ಇವು ಯಾವುವೂ ನಿನ್ನ ಕೈಯಲ್ಲಿಲ್ಲ. ಕೈಯಲ್ಲಿರುವುದು ಕಸುಬು.

ಸಮಯ ಸಿಕ್ಕಾಗ ಮೆಸಾಯೀದ್‌ನ ಕತಾಲಂ ಕಡೆ ಯಾರಾದರೂ ಪರಿಚಯದವರಿದ್ದರೆ ಮಾತಾಡಿಸು. 2009ರ ಕೊನೆಯಲ್ಲಿ ಲೋಹ ಇಳಿಸಲು ಶುರು ಮಾಡಿದ ಆ ಅಲ್ಯೂಮಿನಿಯಂ ಕಾರ್ಖಾನೆ ವರ್ಷಕ್ಕೆ 5,85,000 ಟನ್ ಸಾಮರ್ಥ್ಯಕ್ಕೆ ಕಟ್ಟಿದ್ದು. ಅದೂ ವಿದ್ಯುತ್ತಿನಿಂದ ಲೋಹ ಇಳಿಸುವುದೇ, ಆದರೆ ನೀರಿನಲ್ಲಿ ಅಲ್ಲ, 950 ಡಿಗ್ರಿ ಆಸುಪಾಸಿನ ಕರಗಿದ ಲವಣದಲ್ಲಿ. ನೀರಿನಲ್ಲಿ ಪ್ರಯತ್ನಿಸಿದರೆ ಅಲ್ಯೂಮಿನಿಯಂಗಿಂತ ಮೊದಲು ಹೈಡ್ರೋಜನ್ನೇ ಹೊರಟುಬಿಡುತ್ತದೆ. ನಿನ್ನ ಬಾತಿನಲ್ಲಿ ಕುಳಿ ಮಾಡುವ ಹೈಡ್ರೋಜನ್ ಒಂದು ಉದ್ಯಮದ ಸ್ವರೂಪವನ್ನೇ ನಿರ್ಧರಿಸಿದೆ ಅಂತ ತಿಳಿದರೆ ಅದರ ಮೇಲೆ ಗೌರವ ಬರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಪೀಣ್ಯದಿಂದ ಏನೂ ಕಲಿಯಬೇಡ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸರ್ಕಾರಿ ಪರೀಕ್ಷೆಗಳಲ್ಲೇ ಕಂಡಿದೆ. ಪ್ಲೇಟಿಂಗ್ ಮಾಡುವ ನಾವೆಲ್ಲ ಅದಕ್ಕೆ ಉತ್ತರ ಕೊಡಬೇಕಾದವರು. ನಿಕಲ್ ಲವಣ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಯಲ್ಲಿದೆ, ಚರ್ಮಕ್ಕೆ ಅಲರ್ಜಿ ಹತ್ತಿದರೆ ಜನ್ಮಕ್ಕೆ ಬಿಡುವುದಿಲ್ಲ. ಕತಾರಿನಲ್ಲಿ ಕುಡಿಯುವ ನೀರು ಹೆಚ್ಚುಕಡಿಮೆ ಎಲ್ಲವೂ ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿದ್ದು. ಅಂಥ ಕಡೆ ಹಳೆಯ ಬಾತಿನ ಒಂದು ಹನಿಯನ್ನೂ ಸಿಂಕಿಗೆ ಬಿಡಬೇಡ, ಕೈಗವಸಿಲ್ಲದೆ ಮುಟ್ಟಬೇಡ, ಬಾತಿನ ಮೇಲೆ ಬಗ್ಗಿ ಆವಿ ಕುಡಿಯಬೇಡ. ಇದನ್ನು ಹೇಳಿದ್ದಕ್ಕೆ ‘ದೊಡ್ಡಪ್ಪ ಶುರು ಮಾಡಿದರು’ ಅಂತ ನಗಬೇಡ.

ಕೊನೆಗೆ ನಿನ್ನಿಂದ ಒಂದು ಕೆಲಸ ಆಗಬೇಕು. ಹಲ್ ಸೆಲ್ ತರಿಸಿಕೋ. 1930ರ ದಶಕದಲ್ಲಿ ರಿಚರ್ಡ್ ಹಲ್ ಮಾಡಿದ ಓರೆ ಗೋಡೆಯ ಆ ಪುಟ್ಟ ಪಾತ್ರೆ ಪೀಣ್ಯದ ಪ್ರತಿ ಒಳ್ಳೆಯ ಶಾಪಿನಲ್ಲೂ ಇದೆ, ಸಂಶೋಧನಾ ಲ್ಯಾಬುಗಳಲ್ಲಿ ಎಷ್ಟೋ ಕಡೆ ಇಲ್ಲ. ಕ್ಯಾಥೋಡ್ ತಗಡನ್ನು ಓರೆಯಾಗಿ ನಿಲ್ಲಿಸುವುದರಿಂದ ಹತ್ತಿರದ ತುದಿಗೆ ಹೆಚ್ಚು ಕರೆಂಟು, ದೂರದ ತುದಿಗೆ ಕಡಿಮೆ. ಐದು ಹತ್ತು ನಿಮಿಷದಲ್ಲಿ ಒಂದೇ ತಗಡು ನಿನ್ನ ಬಾತಿನ ಜಾತಕ ಹೇಳುತ್ತದೆ, ಎಲ್ಲಿ ಸುಟ್ಟಿದೆ, ಎಲ್ಲಿ ಮಬ್ಬು, ಎಲ್ಲಿ ಕುಳಿ ಅಂತ. ನಿನ್ನ ನಿಕಲ್-ಕಬ್ಬಿಣಕ್ಕಾದರೆ ಆ ತಗಡಿನ ಉದ್ದಕ್ಕೂ ಕಬ್ಬಿಣದ ಪಾಲು ಅಳೆದು ನೋಡು, ಒಂದು ತಿಂಗಳ ಸ್ಯಾಂಪಲ್ ಉಳಿಯುತ್ತದೆ. ಹೊಸ ಬಾತ್ ಕಟ್ಟಿದಾಗಲೆಲ್ಲ, ವಾರಕ್ಕೊಮ್ಮೆ ಹಳೆಯದಕ್ಕೂ, ಮೊದಲು ಒಂದು ತಗಡು ತೆಗೆ; ಹಿಂದೆ ತಾರೀಖು ಬರೆದು ಎತ್ತಿಡು. ಕತಾರಿನಲ್ಲಿ ಸಿಗದಿದ್ದರೆ ಹೇಳು, ಊರಿಗೆ ಬಂದಾಗ ಇಲ್ಲಿ ಅಕ್ರಿಲಿಕ್ಕಿನಲ್ಲಿ ಮಾಡಿಸಿಕೊಡುತ್ತೇನೆ. ಅಳತೆ 267 ಮಿಲಿಲೀಟರಿನದೇ ಇರಲಿ.